ಮೊದಲ ವಾರ ಇಳಿಯುವುದು ಬರೀ ಕೊಬ್ಬಲ್ಲ: ಸ್ಪಷ್ಟನೆ

"ಕಾರ್ಬ್ ಬಿಟ್ಟು ದಿನಾ ನಡೆಯಿರಿ, ವಾರಕ್ಕೆ 3 ಕಿಲೋ ಕೊಬ್ಬು ಕರಗುತ್ತದೆ" ಎಂದು ನಾನೇ ಬರೆದಿದ್ದೆ. ಅದು ತಪ್ಪು. ಈಗ ಅದಕ್ಕೆ "ಶುಗರ್ ಮಾತ್ರೆಯನ್ನೂ ನಿಲ್ಲಿಸಿ" ಎಂಬ ಸಾಲು ಸೇರಿ ಎಲ್ಲೆಡೆ ಓಡಾಡುತ್ತಿದೆ.

ಮೊದಲ ವಾರ ಇಳಿಯುವುದು ಹೆಚ್ಚಾಗಿ ನೀರು. ಸ್ನಾಯು, ಲಿವರ್‌ನಲ್ಲಿ ಕೂಡಿಟ್ಟ ಗ್ಲೈಕೋಜನ್‌ನ (ಕಾರ್ಬ್‌ನಿಂದ ದೇಹ ಮಾಡಿಟ್ಟುಕೊಳ್ಳುವ ಸಕ್ಕರೆಯ ದಾಸ್ತಾನು) ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರಿರುತ್ತದೆ. ಕಾರ್ಬ್ ಕಡಿಮೆಯಾದರೆ ಎರಡೂ ಇಳಿಯುತ್ತವೆ. ಕೊಬ್ಬು ಕರಗುವುದು ನಿಧಾನ.

ಮಾತ್ರೆಯ ಸಾಲಂತೂ ಅಪಾಯ. ಸುಮ್ನೆ ನಿಲ್ಲಿಸಿದರೆ ಶುಗರ್ ಏರಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ (ಶುಗರ್ ಇಳಿಸುವ ಒಂದು ಮಾತ್ರೆ) ತೆಗೆದುಕೊಳ್ಳುವವರು ಹಳೇ ಡೋಸ್‌ನಲ್ಲೇ ಕಾರ್ಬ್ ಇಳಿಸಿ ಜಾಸ್ತಿ ನಡೆದರೆ ಶುಗರ್ ತೀರಾ ಕುಸಿಯಬಹುದು: ಕೈ ನಡುಕ, ಬೆವರು, ತಲೆಸುತ್ತು. ಡೋಸ್ ಬದಲಿಸಬೇಕಾದವರು ಡಾಕ್ಟರ್, ಅದೂ ಶುರು ಮಾಡುವ ಮೊದಲೇ.

ನಡಿಗೆ ಖಂಡಿತ ಒಳ್ಳೆಯದು, ಬಿಡಬೇಡಿ. ಆ ಮೆಸೇಜನ್ನು ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.