ಮಿತ ಸರ್ಕಾರಕ್ಕೆ ರಾಜಾಜಿ ಮಾದರಿಯೇ?

ಪರ: ಅಧಿಕಾರದಲ್ಲಿದ್ದು ಮಾಡಿ ತೋರಿಸಿದರು

ಮಿತ ಸರ್ಕಾರವೆಂದರೆ ಜನರ ವ್ಯವಹಾರದಲ್ಲಿ ಆದಷ್ಟು ಕಡಿಮೆ ಕೈಹಾಕುವ ಸರ್ಕಾರ. 1952ರ ಏಪ್ರಿಲ್‌ನಲ್ಲಿ ರಾಜಾಜಿ, ಅಂದರೆ ಚಕ್ರವರ್ತಿ ರಾಜಗೋಪಾಲಾಚಾರಿ, ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾದರು. ದಕ್ಷಿಣ ಕನ್ನಡವೂ ಆಗ ಅದೇ ರಾಜ್ಯದಲ್ಲಿತ್ತು. ಯುದ್ಧಕಾಲದ ಆಹಾರ ನಿಯಂತ್ರಣ ಇನ್ನೂ ಹೋಗಿರಲಿಲ್ಲ. ರೈತ ಮನೆಖರ್ಚಿಗೆ ಬೇಕಾದಷ್ಟು ಭತ್ತ ಇಟ್ಟುಕೊಂಡು ಮಿಕ್ಕಿದ್ದನ್ನು ಸರ್ಕಾರ ಹೇಳಿದ ಬೆಲೆಗೆ ಅಳೆದು ಕೊಡಬೇಕಿತ್ತು. ಪರ್ಮಿಟ್ ಇಲ್ಲದೆ ಪಕ್ಕದ ಜಿಲ್ಲೆಗೆ ಮೂಟೆ ಸಾಗಿಸುವಂತಿರಲಿಲ್ಲ. ಇಂಥ ಕಟ್ಟುಪಾಡಿನಲ್ಲಿ ಏನಾಗುತ್ತದೆ ಎಂಬುದು ಹಳ್ಳಿಯವರಿಗೆಲ್ಲ ಗೊತ್ತಿತ್ತು: ಬೆಲೆ ಗಿಟ್ಟದ ಭತ್ತ ಹಗೇವಿನಲ್ಲಿ ಅಡಗುತ್ತದೆ, ಅಡಗಿದ್ದು ಕಾಳಸಂತೆಗೆ ಹೋಗುತ್ತದೆ, ತಪಾಸಣೆಯ ಗೇಟಿನಲ್ಲಿ ಲಂಚ ಹುಟ್ಟುತ್ತದೆ, ಇರುವ ಕೊರತೆ ಇಮ್ಮಡಿಯಾಗಿ ಕಾಣುತ್ತದೆ.

ಜೂನ್‌ನಲ್ಲಿ ರಾಜಾಜಿ ಆ ನಿಯಂತ್ರಣವನ್ನು ಕಿತ್ತುಹಾಕಿದರು. ಹಾಹಾಕಾರವೇಳುತ್ತದೆ ಎಂದು ಹೆದರಿದವರು ಬಹಳ, ಹಾಗಾಗಲಿಲ್ಲ. ಬಚ್ಚಿಟ್ಟ ಧಾನ್ಯ ಅಂಗಡಿಗೆ ಬಂತು. ಕೇಂದ್ರದ ಆಹಾರ ಸಚಿವ ರಫಿ ಅಹ್ಮದ್ ಕಿದ್ವಾಯಿ ಅದೇ ದಾರಿ ಹಿಡಿದರು, 1954ರ ಹೊತ್ತಿಗೆ ದೇಶದೆಲ್ಲೆಡೆ ಆಹಾರ ನಿಯಂತ್ರಣ ಸಡಿಲಿತು.

1959ರಲ್ಲಿ, ಎಂಬತ್ತರ ಪ್ರಾಯದಲ್ಲಿ, ಅವರು ಸ್ವತಂತ್ರ ಪಕ್ಷ ಕಟ್ಟಿದರು. ಅದಕ್ಕೆ ಕಾರಣವಿತ್ತು: ಅದೇ ವರ್ಷದ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ರೈತರ ಜಮೀನು ಒಟ್ಟುಗೂಡಿಸಿ ಮಾಡುವ ಸಹಕಾರಿ ಬೇಸಾಯದ ನಿರ್ಣಯ ಕೈಗೊಂಡಿತ್ತು. ಇನ್ನೊಂದೆಡೆ 1951ರ ಕೈಗಾರಿಕಾ ಕಾಯ್ದೆ: ಹೊಸ ಕಾರ್ಖಾನೆಗೆ ಲೈಸೆನ್ಸ್, ಇದ್ದದ್ದನ್ನು ಹಿಗ್ಗಿಸಲು ಲೈಸೆನ್ಸ್, ಹೊಸ ಸರಕು ತಯಾರಿಸಲು ಲೈಸೆನ್ಸ್. ಹೊರಗಿನಿಂದ ಯಂತ್ರ ತರಿಸುವುದಕ್ಕೆ ಬೇರೆ, ಬಂಡವಾಳ ಎತ್ತುವುದಕ್ಕೆ ಮತ್ತೂ ಬೇರೆ ಅನುಮತಿ. ಹೀಗಾದರೆ ಒಳ್ಳೆಯ ಸರಕು ಮಾಡುವವನಿಗಿಂತ ದೆಹಲಿಯಲ್ಲಿ ಕಡತ ಸಾಗಿಸಬಲ್ಲವನೇ ಗೆಲ್ಲುತ್ತಾನೆ. ಇದಕ್ಕೆ ‘ಪರ್ಮಿಟ್-ಲೈಸೆನ್ಸ್-ಕೋಟಾ ರಾಜ್’ ಎಂಬ ಹೆಸರು ಅಂಟಿಸಿದವರು ರಾಜಾಜಿ. 1991ರ ಜುಲೈನಲ್ಲಿ ಕಾಂಗ್ರೆಸ್ ಸರ್ಕಾರವೇ 18 ಉದ್ದಿಮೆಗಳನ್ನು ಬಿಟ್ಟು ಉಳಿದವುಗಳ ಲೈಸೆನ್ಸ್ ರದ್ದು ಮಾಡಿತು. ಮೂವತ್ತೆರಡು ವರ್ಷ ತಡವಾಗಿ.

ಪಕ್ಷದೊಳಗೂ ಅವರು ಹಿಡಿತ ಬಿಗಿ ಮಾಡಲಿಲ್ಲ. ಮೂಲತತ್ತ್ವಗಳಿಗೆ ಸೇರದ ವಿಷಯಗಳಲ್ಲಿ ಸದಸ್ಯರು ತಮಗೆ ತೋಚಿದಂತೆ ಮತ ಹಾಕಬಹುದೆಂದು 21 ಅಂಶಗಳ ಧ್ಯೇಯಪತ್ರದಲ್ಲೇ ಬರೆದಿತ್ತು. ಇಂದು ಪಕ್ಷ ಹೊರಡಿಸುವ ಮತದಾನದ ಆದೇಶ, ಅಂದರೆ ವಿಪ್, ಮೀರಿದರೆ ಶಾಸಕತ್ವವೇ ಹೋಗುತ್ತದೆ.

ವಿರೋಧ: ಮಾರುಕಟ್ಟೆಗೆ ಸಡಿಲ, ಮನುಷ್ಯರಿಗೆ ಬಿಗಿ

ಅಕ್ಕಿಯ ಮಾತು ಒಪ್ಪೋಣ. ಆದರೆ ಅದೇ ಆಡಳಿತಗಾರ ಮಿಕ್ಕ ಕಡೆ ಏನು ಮಾಡಿದರು ಎಂಬುದನ್ನೂ ನೋಡಬೇಕು.

1937ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದ (ಮುಖ್ಯಮಂತ್ರಿಯನ್ನು ಆಗ ಹಾಗೆ ಕರೆಯುತ್ತಿದ್ದರು) ರಾಜಾಜಿ ಮೊದಲು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದರು. ಅಬಕಾರಿ ವರಮಾನ ಹೋಯಿತು. ಅದನ್ನು ತುಂಬಿಕೊಳ್ಳಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ಹಾಕಿದರು. ಸರಕು ವ್ಯಾಪಾರಿಯಿಂದ ವ್ಯಾಪಾರಿಗೆ ದಾಟಿದಾಗಲೆಲ್ಲ ಬೀಳುವ ತೆರಿಗೆ ಅದು. ಕೊನೆಗೆ ಕೊಳ್ಳುವವನ ಬೆಲೆಯಲ್ಲಿ ತೆರಿಗೆಯ ಮೇಲೆ ತೆರಿಗೆ ಕೂತಿರುತ್ತದೆ. ಆಮೇಲೆ ಇತರ ಪ್ರಾಂತ್ಯಗಳೂ ಅದನ್ನು ಅನುಸರಿಸಿದವು. ಮಿತ ಸರ್ಕಾರದ ಪ್ರತಿಪಾದಕರು ಬಿಟ್ಟುಹೋದ ಬಳುವಳಿ ಇದು.

ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದ್ದೂ ಅದೇ ಅವಧಿಯಲ್ಲಿ. ವಿರೋಧಿಸಿದವರ ಮೇಲೆ, ಹಿಂದೆ ಕಾಂಗ್ರೆಸ್ಸಿಗರನ್ನು ಹಿಡಿಯಲು ಬ್ರಿಟಿಷರು ಬಳಸಿದ್ದ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯನ್ನೇ ಪ್ರಯೋಗಿಸಿದರು. ಸಾವಿರಕ್ಕೂ ಹೆಚ್ಚು ಜನ ಬಂಧಿತರಾದರು, ಇಬ್ಬರು ಸೆರೆವಾಸದಲ್ಲಿ ತೀರಿಕೊಂಡರು. ಹಿಂದಿ ಹೇರಿಕೆಯನ್ನು ರಾಜಾಜಿ ಮುಂದೆ ತಾವೇ ವಿರೋಧಿಸಿದ್ದು ನಿಜ. ಆಗ ಅವರ ಕೈಯಲ್ಲಿ ಅಧಿಕಾರ ಇರಲಿಲ್ಲ.

1951ರಲ್ಲಿ ಕೇಂದ್ರ ಗೃಹಸಚಿವರಾಗಿ ಮುನ್ನೆಚ್ಚರಿಕೆ ಬಂಧನದ ಕಾಯ್ದೆಯನ್ನು ಮುಂದುವರಿಸಿದರು, ಪತ್ರಿಕೆಗಳ ‘ಆಕ್ಷೇಪಾರ್ಹ’ ಬರಹಕ್ಕೆ ಲಗಾಮು ಹಾಕುವ ಮಸೂದೆಯನ್ನೂ ಸಂಸತ್ತಿನ ಮುಂದಿಟ್ಟರು. ಲೈಸೆನ್ಸ್ ಕಡತಕ್ಕಿಂತ ವಿಚಾರಣೆಯಿಲ್ಲದ ಸೆರೆ ಕಿರಿದಾದ ಸರ್ಕಾರವೇ?

ನನ್ನ ಮಟ್ಟಿಗೆ 1953ರ ಶಾಲಾ ಯೋಜನೆಯೇ ದೊಡ್ಡ ತಪ್ಪು. ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠದ ಹೊತ್ತು ಮೂರು ಗಂಟೆಗೆ ಇಳಿಯಿತು. ಎರಡು ಪಾಳಿ ನಡೆಸಿದರೆ ಅದೇ ಮೇಷ್ಟರು, ಅದೇ ಕೋಣೆಯಲ್ಲಿ ಇಮ್ಮಡಿ ಮಕ್ಕಳು ಕಲಿಯಬಹುದೆಂಬ ಲೆಕ್ಕ. ಉಳಿದ ಹೊತ್ತಿನಲ್ಲಿ ಮಗು ಅಪ್ಪನ ಕಸುಬು ಕಲಿಯಲಿ ಎಂದರು. ಜಾತಿಯೇ ಕಸುಬನ್ನು ಹಂಚಿದ್ದ ಊರಲ್ಲಿ ಇದರ ಅರ್ಥ ಕುಂಬಾರನ ಮಗ ಕುಂಬಾರನಾಗಿಯೇ ಇರಲಿ ಎಂದು. ಇದು ‘ಕುಲಕಲ್ವಿ’, ಅಂದರೆ ಕುಲಕಸುಬಿನ ಶಿಕ್ಷಣ, ಎಂದು ಜನ ತಿರುಗಿಬಿದ್ದರು. 1954ರ ಏಪ್ರಿಲ್‌ನಲ್ಲಿ ಅವರು ಕುರ್ಚಿ ಬಿಡಬೇಕಾಯಿತು. ಬಳಿಕ ಮುಖ್ಯಮಂತ್ರಿಯಾಗಿ ಬಂದ ಕಾಮರಾಜ್ ಯೋಜನೆಯನ್ನು ರದ್ದು ಮಾಡಿದರು.

ಸ್ವತಂತ್ರ ಪಕ್ಷದ ಬಲ ಎಲ್ಲಿಂದ ಬಂತು? ಜೈಪುರದ ಗಾಯತ್ರಿ ದೇವಿ, ಬಿಹಾರದ ರಾಮಗಢದ ರಾಜ, ಒಡಿಶಾದ ಸಂಸ್ಥಾನಿಕರು. ಲೋಕಸಭೆಯಲ್ಲಿ 1962ರಲ್ಲಿ 18, 1967ರಲ್ಲಿ 44 ಸ್ಥಾನ. 1971ರಲ್ಲಿ 8ಕ್ಕೆ ಕುಸಿಯಿತು. ಅದೇ 1971ರಲ್ಲಿ ತಮಿಳುನಾಡು ಸರ್ಕಾರ ಪಾನನಿಷೇಧ ಸಡಿಲಿಸಲು ಹೊರಟಾಗ 92ರ ರಾಜಾಜಿ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೇ ಹೋಗಿ ನಿಷೇಧ ತೆಗೆಯಬೇಡಿ ಎಂದು ಬೇಡಿಕೊಂಡರು.