ಎಳನೀರು ತಂದವರಿಗೆ ಏನಂತ ಹೇಳ್ಲಿ

ನಮ್ಮನೆಯವರಿಗೆ ಡಯಾಲಿಸಿಸ್ ಶುರುವಾಗಿ 14 ತಿಂಗಳಾಯ್ತು. ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಶುಗರ್ ಬಿಪಿ ಎರಡೂ ಇತ್ತು, ಕಾಲು ಊದ್ಕೊಂಡಾಗ ದಿನವಿಡೀ ನಿಂತು ಕೆಲಸ ಮಾಡ್ತಾರಲ್ಲ ಅದಕ್ಕೇ ಅಂದ್ಕೊಂಡು ಸುಮ್ನಿದ್ವಿ, ಗೊತ್ತಾಗೋ ಹೊತ್ತಿಗೆ ಕಿಡ್ನಿ ಎರಡೂ ಹೋಗಿತ್ತು.

ಮೊದಲ್ನೇ ವಾರ ಮನೆಗೆ ಬಂದವರೆಲ್ಲ ಎಳನೀರು ತಂದ್ರು. ಬೆಂಗಳೂರಲ್ಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಮೊದಲು ನೆನಪಾಗೋದೇ ಎಳನೀರಲ್ವಾ. ಆದ್ರೆ ಅದ್ರಲ್ಲಿ ಪೊಟ್ಯಾಶಿಯಂ ಜಾಸ್ತಿ, ಅದನ್ನ ಹೊರಗೆ ಹಾಕೋ ಕಿಡ್ನಿನೇ ಇಲ್ಲ ಅಂದ್ಮೇಲೆ ರಕ್ತದಲ್ಲಿ ಏರಿ ಹೃದಯದ ಬಡಿತಾನೇ ತಪ್ಪಬಹುದು. ತರಕಾರಿನೂ ಬೇಯಿಸಿ ನೀರು ಬಸಿದು ಮಾಡ್ತೀನಿ ಈಗ. ತಂದವರ ಪ್ರೀತಿ ಮಾತ್ರ ಸುಳ್ಳಲ್ಲ.

ಬಂದವರು ದೇವರ ವಾಕ್ಯಾನೂ ತಂದ್ರು. ಎಲ್ಲಾ ಒಳ್ಳೇದಕ್ಕೇ ಆಗತ್ತೆ, ದೇವರು ಪರೀಕ್ಷೆ ಮಾಡ್ತಿದಾರೆ, ನಿಮ್ಮ ನಂಬಿಕೆ ಬೆಳೀಲಿ ಅಂತಾನೇ ಇದನ್ನ ಕೊಟ್ಟಿರೋದು. ಒಬ್ಬರಂತೂ ಯಾವ್ದೋ ಪಾಪ ಒಪ್ಕೊಳ್ದೇ ಉಳಿದಿರಬೇಕು ನೋಡ್ಕೊಳ್ಳಿ ಅಂದ್ರು, ಅವತ್ತು ರಾತ್ರಿ ನಮ್ಮನೆಯವರು ಗೋಡೆ ಕಡೆ ತಿರುಗಿ ಮಲಗಿದವರು ಒಂದು ಮಾತೂ ಆಡ್ಲಿಲ್ಲ. ಬೈಬಲ್ಲಿನ ಯೋಹಾನ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನ ನೋಡಿ ಶಿಷ್ಯರು ಇದೇ ಪ್ರಶ್ನೆ ಕೇಳಿದ್ರಲ್ವಾ, ಯಾರು ಪಾಪ ಮಾಡಿದ್ದು, ಇವನಾ ಇವನ ತಂದೆತಾಯಿನಾ ಅಂತ. ಯೇಸು ಏನಂದ್ರು? ಇವನೂ ಅಲ್ಲ, ಅವರೂ ಅಲ್ಲ. ಅಷ್ಟು ಸ್ಪಷ್ಟವಾಗಿ ಹೇಳಿರೋದನ್ನ ನಾವ್ಯಾಕೆ ಮರೀತೀವೋ.

ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ 8ನೇ ಅಧ್ಯಾಯದ ಮಾತು ಎಲ್ಲರಿಗೂ ಬಾಯಿಪಾಠ, ಸಕಲವೂ ಹಿತಕ್ಕಾಗಿ ಅನ್ನೋದು. ಅದೇ ಪತ್ರದ 12ನೇ ಅಧ್ಯಾಯದಲ್ಲಿ ಅಳೋರ ಜೊತೆ ಅಳಿ ಅಂತಾನೂ ಇದೆ. ನನ್ನ ಕೇಳಿದ್ರೆ ಮೊದಲು 12 ಮಾಡಿ, 8ನ್ನ ನೋವಲ್ಲಿರೋರೇ ಅವರ ಟೈಮ್‌ಗೆ ಹೇಳ್ಕೊಳ್ಲಿ ಬಿಡಿ. ಬೈಬಲ್ಲಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳ್ಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ನೆ ಕೂತಿದ್ರು, ಅಷ್ಟೂ ಸರಿಯಾಗೇ ಇತ್ತು, ಬಾಯಿ ಬಿಟ್ಟು ನಿನ್ನ ಪಾಪಕ್ಕೇ ಇದು ಅಂದ ಮೇಲೇ ಕೆಟ್ಟಿದ್ದು.

ಕಷ್ಟದಿಂದ ಮನುಷ್ಯ ಬೆಳೆಯೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಡಯಾಲಿಸಿಸ್‌ಗೆ ಅಂತ ಇವರ ಎಡಗೈಲಿ ಫಿಸ್ಟುಲಾ ಮಾಡಿದಾರೆ, ಅಂದ್ರೆ ಆಪರೇಷನ್ ಮಾಡಿ ಹೃದಯದಿಂದ ರಕ್ತ ತರೋ ಒಂದು ಅಪಧಮನಿನ ರಕ್ತ ವಾಪಸ್ ಒಯ್ಯೋ ಒಂದು ಅಭಿಧಮನಿಗೆ, ಅಂದ್ರೆ ಕೈ ಮೇಲೆ ಕಾಣೋ ನರಕ್ಕೆ, ಸೇರಿಸೋದು. ರಕ್ತ ಜೋರಾಗಿ ನುಗ್ಗಿ ನುಗ್ಗಿ ಆ ತೆಳು ನರ ವಾರಗಟ್ಟಲೆ ಆದ್ಮೇಲೆ ದಪ್ಪ ಆಗತ್ತೆ, ಆಗ್ಲೇ ದೊಡ್ಡ ಸೂಜಿ ತಡ್ಕೊಳ್ಳೋದು. ಅಲ್ಲಿವರೆಗೂ ಇವರು ದಿನಾ ರಬ್ಬರ್ ಬಾಲ್ ಹಿಸುಕ್ತಾ ಕೂರ್ತಿದ್ರು. ಈಗ್ಲೂ ಬೆಳಿಗ್ಗೆ ಎದ್ದ ತಕ್ಷಣ ನಾನು ಅಲ್ಲಿ ಬೆರಳಿಟ್ಟು ನೋಡ್ತೀನಿ, ಒಳಗೆ ಜುಂಯ್ ಅಂತ ನಡುಗ್ತಿರತ್ತೆ. ಅದು ನಿಂತ್ರೆ ತಕ್ಷಣ ಆಸ್ಪತ್ರೆಗೆ ಓಡ್ಬೇಕು. ಆ ನರ ಗಟ್ಟಿ ಆಗಿದ್ದಕ್ಕೆ ನಾನು ಸ್ತೋತ್ರ ಹೇಳ್ತೀನಿ, ಆದ್ರೆ ನರ ಗಟ್ಟಿ ಆಗ್ಲಿ ಅಂತ ದೇವರು ಕಿಡ್ನಿ ಕಿತ್ಕೊಂಡ್ರು ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ನಾನು ನಂಬಿರೋ ದೇವರು ಯೇಸು, ಸ್ನೇಹಿತ ಲಾಜರನ ಸಮಾಧಿ ಹತ್ರ ಅತ್ತವರು, ಶಿಲುಬೆ ಮೇಲೆ ಸತ್ತು ಎದ್ದು ಬಂದ ಮೇಲೂ ಕೈಯಲ್ಲಿ ಮೊಳೆ ಗಾಯ ಇಟ್ಕೊಂಡೇ ನಂಬದಿದ್ದ ಶಿಷ್ಯ ತೋಮನ ಮುಂದೆ ನಿಂತವರು. ಇವರ ತೋಳಿನ ಸೂಜಿ ಕಲೆ ನೋಡ್ದಾಗೆಲ್ಲ ನಂಗೆ ಆ ಕೈನೇ ನೆನಪಾಗತ್ತೆ.

ಇನ್ನೊಂದು ಹೇಳ್ಬೇಕು, ಇದನ್ನ ಬರೆಯಕ್ಕೆ ತುಂಬಾ ದಿನ ತಗೊಂಡೆ. ನಾಲ್ಕು ವರ್ಷದ ಹಿಂದೆ ನಮ್ಮ ಸಭೆಯ ಒಬ್ಬ ಹುಡುಗಿಗೆ ಹುಟ್ಟಿದ ಮಗು ಮೂರೇ ದಿನಕ್ಕೆ ತೀರ್ಕೊಂಡಿತ್ತು. ನಾನು ಹೋಗಿ ಅವಳ ಕೈ ಹಿಡ್ಕೊಂಡು ದೇವರ ತೋಟಕ್ಕೆ ಹೂವು ಬೇಕಿತ್ತಮ್ಮ, ಎಲ್ಲಾ ಒಳ್ಳೇದಕ್ಕೇ ಅಂದಿದ್ದೆ. ಪ್ರೀತಿಯಿಂದಾನೇ ಅಂದಿದ್ದು. ಅವಳು ಆಮೇಲೆ ಸ್ತ್ರೀಯರ ಕೂಟಕ್ಕೆ ಬರೋದು ಬಿಟ್ಟಳು, ಯಾಕೆ ಅಂತ ನಾನು ಕೇಳಿರ್ಲಿಲ್ಲ.

ಹೋದ ಭಾನುವಾರ ಆರಾಧನೆ ಮುಗಿಸ್ಕೊಂಡು ಅವಳ ಮನೆಗೆ ಹೋದೆ. ಅವತ್ತು ನಾನು ಹಾಗೆ ಹೇಳ್ಬಾರ್ದಿತ್ತು ಕಣಮ್ಮ ಅಂದೆ. ಯಾವತ್ತು ಅಂತ ಅವಳು ಕೇಳ್ಲಿಲ್ಲ. ಒಳಗೆ ಹೋಗಿ ಕಾಫಿ ತಂದ್ಲು, ಬೀರುವಿಂದ ಒಂದು ಪುಟ್ಟ ಉಲ್ಲನ್ ಟೋಪಿ ತೆಗೆದು ನನ್ನ ಮಡಿಲಲ್ಲಿಟ್ಟು, ಆಂಟಿ ಅವನಿಗೆ ಹೆಸರಿಟ್ಟಿದ್ವಿ ಗೊತ್ತಾ, ಅಂತ ಹೇಳಕ್ಕೆ ಶುರು ಮಾಡಿದ್ಲು.