ಮೊಬೈಲ್ ಒಂದನ್ನೇ ದೂರಬೇಡಿ

ಆರರಿಂದ ಎಂಟನೇ ತರಗತಿಯ ಹೊತ್ತಿಗೆ ಮಕ್ಕಳು ಓದಿನಲ್ಲಿ ಹಿಂದೆ ಬೀಳಲು ಮೊಬೈಲೇ ಮುಖ್ಯ ಕಾರಣ ಎಂದು ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಮೊಬೈಲ್ ಕಾಟ ಇದೆ, ಒಪ್ಪುತ್ತೇನೆ. ಆದರೆ ಅದೊಂದನ್ನೇ ಹಿಡಿದುಕೊಂಡರೆ ಉಳಿದದ್ದು ಕಣ್ಣಿಗೆ ಬೀಳುವುದಿಲ್ಲ.

ಗಣಿತವನ್ನೇ ನೋಡಿ. ಬೀಜಗಣಿತ ಶುರುವಾಗುವುದು ಈ ಹಂತದಲ್ಲೇ ಅಲ್ವಾ? ಭಿನ್ನರಾಶಿ ಗಟ್ಟಿಯಾಗಿರದ ಮಗುವಿಗೆ ಸಮೀಕರಣ ಬರೀ ಬಾಯಿಪಾಠ ಆಗಿಬಿಡುತ್ತದೆ. 2/3 ಮತ್ತು 3/4ರಲ್ಲಿ ಯಾವುದು ದೊಡ್ಡದು, ಯಾಕೆ ಎಂದು ಕೇಳಿ ನೋಡಿ. ಮಗು ತಡವರಿಸಿದರೆ ಹೊಸ ಪಾಠ ನಿಲ್ಲಿಸಿ, ಅಲ್ಲಿಗೇ ಹಿಂತಿರುಗಿ ಒಂದೆರಡು ವಾರ ಕೊಡಬೇಕು. ಸುಮ್ನೆ ಟ್ಯೂಷನ್‌ಗೆ ಸೇರಿಸಿ ಇನ್ನಷ್ಟು ಲೆಕ್ಕ ಮಾಡಿಸಿದರೆ ತೊಡಕು ಬಗೆಹರಿಯುವುದಿಲ್ಲ, ಮುಚ್ಚಿಹೋಗುತ್ತದೆ ಅಷ್ಟೇ. ಒಂಬತ್ತನೇ ತರಗತಿಯಲ್ಲಿ ಮತ್ತೆ ಎದ್ದು ನಿಲ್ಲುತ್ತದೆ.

ನಿದ್ದೆಯ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲದ್ದು ನನಗೆ ಬೇಸರ ತಂದಿತು. ಹರೆಯ ಬರುತ್ತಿದ್ದಂತೆ ರಾತ್ರಿ ನಿದ್ದೆ ಹತ್ತುವ ಸಮಯವೇ ಮುಂದಕ್ಕೆ ಹೋಗುತ್ತದೆ. ಅದು ಸೋಮಾರಿತನ ಅಲ್ಲ, ದೇಹದೊಳಗಿನ ಬದಲಾವಣೆ. 13 ತುಂಬಿದ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಅದಕ್ಕಿಂತ ಚಿಕ್ಕವರಿಗೆ ಇನ್ನೂ ಜಾಸ್ತಿ. ಈ ವಯಸ್ಸಿನವರ ಶಾಲೆ ಬೆಳಿಗ್ಗೆ 8.30ಕ್ಕಿಂತ ಮೊದಲು ಶುರುವಾಗಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿದೆ. ನಾವು ಮಾತ್ರ ನಸುಕಿನಲ್ಲೇ ಎಬ್ಬಿಸಿ, ತರಗತಿಯಲ್ಲಿ ತೂಕಡಿಸಿದರೆ ಬೈಯುತ್ತೇವೆ.

ಇನ್ನೊಂದು ಮಾತು. ಚಿಕ್ಕ ತರಗತಿಯಲ್ಲಿ ಒಬ್ಬರೇ ಟೀಚರ್‌ಗೆ ಮಗು ಪೂರ್ತಿ ಗೊತ್ತಿರುತ್ತಿತ್ತು. ಈಗ ವಿಷಯಕ್ಕೊಬ್ಬರು. ವಾರಕ್ಕೊಮ್ಮೆ ಹತ್ತು ನಿಮಿಷ ಕೂತು ಮಾತಾಡಿಸಲು ಪ್ರತಿ ಮಗುವಿಗೂ ಒಬ್ಬ ಶಿಕ್ಷಕರನ್ನು ಗೊತ್ತುಮಾಡಿ. ಅಂಕದ ಮಾತು ಅಲ್ಲಿ ಬೇಡ.